ಬಣ್ಣವಿಲ್ಲದೆ ಒತ್ತಿದ ಬೆಳ್ಳಕ್ಕಿ

ಮಣೆಯ ಮೇಲೆ ಅರಿಶಿನದ ಕಲೆ ಇತ್ತು ಎಂದೇ ನನ್ನ ನೆನಪು. ಅಂಗೈಯಗಲದ, ಒಂದು ಬದಿ ಮಾಸಿದ ಹಳದಿ ಕಲೆ. ಆದರೆ ಅದು ಇರಲು ಸಾಧ್ಯವೇ ಇಲ್ಲ. ಮದುವೆಯಲ್ಲಿ ಮದುಮಕ್ಕಳನ್ನು ಸುರಗಿ ನೀರಿನ ಸ್ನಾನಕ್ಕೆ ಕೂಡಿಸಲೆಂದು ಮಾಡಿಸಿದ ಆ ಮಣೆಯ ಮೇಲೆ ಯಾರೂ ಎಂದೂ ಕೂತಿರಲಿಲ್ಲ. ಬೇರೆ ಯಾವುದೋ ಮದುವೆಯ ಕಲೆಯನ್ನು ನಾನೇ ತಂದು ಅದಕ್ಕೆ ಹಚ್ಚಿರಬೇಕು. ಇದನ್ನು ಬರೆಯಲು ಕೂತಾಗ ಕೈಗೆ ಸಿಕ್ಕ ಮೊದಲ ತಪ್ಪು ಇದು. ಸಿಗದೆ ಉಳಿದವು ಇನ್ನೆಷ್ಟೋ. ಮಾತುಗಳನ್ನು ಕೇಳಿದ ಹಾಗೇ ಬರೆಯುತ್ತಿದ್ದೇನೆ ಎಂದುಕೊಂಡಿದ್ದೇನೆ, ಅದೂ ಖಾತ್ರಿಯಿಲ್ಲ. ಹಕ್ಕಿಯ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಅದು ಕಾಗದದ ಮೇಲೆ ಈಗಲೂ ಇದೆ.

ಮಣೆ ನನ್ನ ಚಿಗವ್ವನದು. ಚಿಗವ್ವ ಎಂದರೆ ಅವ್ವನ ತಂಗಿ, ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು. ಮದುವೆಯಾಗಲಿಲ್ಲ. ನಮ್ಮ ಮನೆ ಮೂಡಲಗಿಯಲ್ಲಿ. ರಜೆ ಬಂತೆಂದರೆ ನಾನು ಬಸ್ಸು ಬದಲಿಸಿ ಅವಳಲ್ಲಿಗೆ ಹೋಗುತ್ತಿದ್ದೆ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಹಾಗೆ ಹೋದ ಒಂದು ಮಧ್ಯಾಹ್ನ ಅವಳು ಟ್ರಂಕಿನಿಂದ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ್ದ ಒಂದು ಹಾಳೆಯನ್ನು ತೆಗೆದಳು. ಅವಳ ಗುರುಗಳೊಬ್ಬರು ಜಪಾನಿಗೆ ಹೋಗಿ ಬಂದಾಗ ಕೊಟ್ಟದ್ದಂತೆ. ಮರದ ಹಲಗೆಯಲ್ಲಿ ಕೆತ್ತಿ, ಕೈಯಿಂದ ಒತ್ತಿ ತೆಗೆದ ಚಿತ್ರ.

"ಏನ ಕಾಣತೈತಿ, ಹೇಳು" ಎಂದಳು.

"ಮಳಿ ಬರಾಕತ್ತೈತಿ. ಬೂದಿ ಬಣ್ಣದ ನೀರು. ನಡುವ ಬೆಳ್ಳಕ್ಕಿ ಆಕಾರದಾಗ ಕಾಗದ ಖಾಲಿ ಬಿಟ್ಟಾರ."

"ಖಾಲಿ ಬಿಟ್ಟಾರ!" ಎಂದು ನಕ್ಕಳು. "ಎಂ.ಎ. ಓದಾಕಿ ಕಣ್ಣ ಧಾರವಾಡದಾಗ ಇಟ್ಟ ಬಂದಿ ಏನ? ಬಾ ಇಲ್ಲೆ."

ಮುಂಬಾಗಿಲು ಮುಚ್ಚಿದಳು. ಕಿಟಕಿಯ ಒಂದೇ ಕದವನ್ನು ತುಸು ತೆರೆದಳು. ಒಳಬಂದ ಬೆಳಕಿನ ಪಟ್ಟಿಗೆ ಹಾಳೆಯನ್ನು ನಿಧಾನವಾಗಿ ಓರೆಮಾಡಿದಳು. ಖಾಲಿ ಎಂದುಕೊಂಡಿದ್ದ ಬಿಳಿಯೊಳಗಿಂದ ಗರಿಗಳು ಎದ್ದವು.

ಎದ್ದವು ಎಂಬುದಕ್ಕಿಂತ ಸರಿಯಾದ ಪದ ನನಗೆ ಇಷ್ಟು ವರ್ಷವಾದರೂ ಸಿಕ್ಕಿಲ್ಲ. ಕತ್ತಿನ ಕೆಳಗೆ ಕೂದಲಿನಷ್ಟು ಸಣ್ಣ ಗರಿಗಳು, ರೆಕ್ಕೆಯಲ್ಲಿ ಒಂದರ ಮೇಲೊಂದು ಹೊದ್ದ ಅಗಲ ಗರಿಗಳು, ಬೆನ್ನಿನಿಂದ ಜೋಲಿದ ಒಂದೆಳೆ, ಅದರ ತುದಿಯಲ್ಲಿ ನೀರ ಹನಿಯಷ್ಟು ಉಬ್ಬು. ಬಿಳಿಯ ಮೇಲೆ ಬಿಳಿ. ಹಾಳೆಯನ್ನು ಅವಳು ನೇರ ಹಿಡಿದಾಗ ಎಲ್ಲ ಮಾಯ, ಓರೆ ಮಾಡಿದರೆ ಮತ್ತೆ ಹಕ್ಕಿ. ನಾನು ಉಸಿರನ್ನು ಬಿಗಿಹಿಡಿದಿದ್ದೆ ಎಂದು ಆಮೇಲೆ ಅವಳೇ ಹೇಳಿದಳು, ನನಗೆ ನೆನಪಿಲ್ಲ.

"ಇಲ್ಲಿ ಬಣ್ಣ ಹಚ್ಚಿಲ್ಲ" ಎಂದಳು. "ಬರೇ ಒತ್ತ್ಯಾರ. ಹಲಗ್ಯಾಗ ಗರಿ ಕೆತ್ತಿ, ಹಸಿ ಕಾಗದ ಅದರಾಗ ಇಳಿಯೂವಂಗ ಒತ್ತಿಬಿಟ್ಟಾರ. ಬಿಳಿ ಹಕ್ಕಿಗಿ ಬಿಳಿ ಬಣ್ಣ ಯಾಕ ಬೇಕು?"

ಆ ಸಂಜೆ ಅವಳು ಅದರ ರೀತಿಯನ್ನೆಲ್ಲ ಹೇಳಿದಳು. ಚಿತ್ರ ಬರೆಯುವವ ಒಬ್ಬ, ಕೆತ್ತುವವ ಇನ್ನೊಬ್ಬ, ಒತ್ತುವವ ಮತ್ತೊಬ್ಬ. ತೆಳು ಹಾಳೆಯ ಮೇಲೆ ಬರೆದ ಮೂಲ ಚಿತ್ರವನ್ನು ಹಲಗೆಗೆ ಮಗುಚಿ ಅಂಟಿಸಿ, ಅದರ ಮೇಲೆಯೇ ಉಳಿ ಆಡಿಸುತ್ತಾರೆ. ಕೆತ್ತನೆ ಮುಗಿಯುವ ಹೊತ್ತಿಗೆ ಮೂಲ ಚೂರುಚೂರಾಗಿ ಹೋಗಿರುತ್ತದೆ. ಕೈಯಿಂದ ಬರೆದ ಆ ಹಕ್ಕಿಯನ್ನು ಮತ್ತೆ ಯಾರೂ ನೋಡುವಂತಿಲ್ಲ, ಅದರ ಒತ್ತುಗಳಷ್ಟೇ ಉಳಿಯುತ್ತವೆ. ಇದನ್ನು ಕೇಳಿ ನನಗೆ ಹೆದರಿಕೆಯಾಗಿತ್ತು. ಅವಳಿಗೆ ಅದೇ ಎಲ್ಲಕ್ಕಿಂತ ದೊಡ್ಡ ಸಂಗತಿಯಾಗಿ ಕಂಡಿತ್ತು.

ಇನ್ನೊಂದು ಮಾತೂ ಹೇಳಿದಳು. "ಕೆಲವು ಚಿತ್ರ ಒಂದ ಹಾಳ್ಯಾಗ ಮುಗಿಯೂದಿಲ್ಲ. ಎರಡ ಹಲಗಿ, ಎರಡ ಹಾಳಿ. ಬಾಜೂಕ ಬಾಜೂ ಇಟ್ಟರ ಪೂರಾ ಆಕ್ಕೈತಿ. ಒಂದನ್ನಷ್ಟ ನೋಡಿದಾಂವಗ ಹಕ್ಕಿ ಯಾವದರ ಕಡೆ ನೋಡಾಕತ್ತೈತಿ ಅಂತ ತಿಳಿಯೂದಿಲ್ಲ."

ಅಂದಿನಿಂದ ಅವಳಿಗೆ ಒಂದೇ ಆಸೆ ಎಂದು ನಾನು ಭಾವಿಸಿದ್ದೆ. ಅಂದಿನಿಂದ ಅಲ್ಲ, ಅದಕ್ಕೂ ಎಷ್ಟೋ ಮೊದಲಿನಿಂದ ಇತ್ತು. ನಮ್ಮ ಹೊಲದ ಬೆಳ್ಳಕ್ಕಿಯೊಂದನ್ನು ಆ ರೀತಿಯಲ್ಲಿ ಒತ್ತಬೇಕು. ಸಾಲೆಯ ಕೆಲಸದಲ್ಲಿ ಅದು ಆಗಲಿಲ್ಲ. ನಿವೃತ್ತಿಯಾದ ಮೇಲೆ ಸಮಯ ಸಿಕ್ಕಿತು, ಆದರೆ ಅಷ್ಟರಲ್ಲಿ ಬಲಗೈಯ ಹೆಬ್ಬೆರಳ ಬುಡ ನೋಯತೊಡಗಿತ್ತು. ನಾನು ಆಗ ಗೋಕಾಕದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಅವಳನ್ನು ಅಲ್ಲಿಯ ಡಾಕ್ಟರರ ಬಳಿ ಕರೆದೊಯ್ದೆ. ಸಂದು ಸವೆದಿದೆ, ಇದು ಹಿಂದಕ್ಕೆ ಬರುವುದಲ್ಲ, ಬಿಗಿಯಾಗಿ ಏನನ್ನೂ ಹಿಡಿಯಬೇಡಿ ಎಂದರು ಅವರು. ಹೊರಗೆ ಬಂದು ಚಹಾ ಕುಡಿಯುವಾಗ ಚಿಗವ್ವ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದಳು.

"ಡಾಕ್ಟರ್ ಖರೇನ ಹೇಳ್ಯಾರ" ಎಂದಳು. "ಹೆಬ್ಬಟ್ಟು ಪೂರಾ ಹೋಗೂದ್ರೊಳಗ ಒಂದ ಬೆಳ್ಳಕ್ಕಿ ಒತ್ತಬೇಕು ನಾ. ನಡಿ, ಹಲಗಿ ಹುಡುಕೂಣು."

"ಬಿಗಿ ಹಿಡೀಬ್ಯಾಡ್ರಿ ಅಂದ್ರಲ್ಲ ಅವರು?"

"ಹಗೂರ ಹಿಡೀತೇನಿ. ನಡಿ."

ಗೋಕಾಕದಲ್ಲಿ ಮರದ ಹಣ್ಣು, ಮರದ ಹಕ್ಕಿ ಮಾಡುವವರಿಗೆ ಬರವಿಲ್ಲ. ಒಂದು ಮನೆಯವರು ಆಟಿಕೆಗೆ ಬಳಸುವ ಹಗುರ ಮರದ ತುಂಡು ಕೊಟ್ಟರು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ದುಂಡಗಿನ ಗಿಳಿಗೆ ಅದು ಹೇಳಿ ಮಾಡಿಸಿದ ಮರ. ಆದರೆ ಚಿಗವ್ವ ಅದರಲ್ಲಿ ಒಂದು ಗರಿಯ ಗೆರೆ ಎಳೆದು ನೋಡಿದಾಗ ಗೆರೆಯ ಎರಡೂ ದಂಡೆಗಳು ಸಾರಿನಲ್ಲಿ ನೆನೆದ ರೊಟ್ಟಿಯಂತೆ ಕುಸಿದವು. ಸಾಗವಾನಿಯ ನಾರು ದಪ್ಪ. ಬೇವು ಬಿರುಕು ಬಿಟ್ಟಿತು. ಜಪಾನಿನವರು ಬಳಸುವ ಚೆರ್ರಿ ಮರ ನಮ್ಮ ಸೀಮೆಯಲ್ಲಿ ಎಲ್ಲಿಂದ ಬರಬೇಕು? ಸಣ್ಣ ನಾರಿನ, ಗಟ್ಟಿಯಾದ, ವರ್ಷಗಟ್ಟಲೆ ಒಣಗಿದ ಹಲಗೆ ಬೇಕಿತ್ತು.

ಅದು ಕುಲಗೋಡದಲ್ಲಿತ್ತು, ಅವ್ವನ ತವರಿನಲ್ಲಿ, ಅಟ್ಟದ ಮೇಲೆ. ಚಿಗವ್ವನ ಮದುವೆ ಗೊತ್ತಾದಾಗ ಮುತ್ಯಾ, ಅಂದರೆ ಅವ್ವನ ಅಪ್ಪ, ಹೆಣ್ಣಿಗೊಂದು ಗಂಡಿಗೊಂದು ಎಂದು ಜೋಡಿ ಮಣೆ ಮಾಡಿಸಿದ್ದ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಈ ಮಣೆಗಳನ್ನು ಹಾಕಿ ಇಬ್ಬರನ್ನೂ ಕೂಡಿಸಿ ಸುರಗಿ ನೀರು ಹಾಕುವುದು. ಮದುವೆ ಮುರಿಯಿತು. ಗಂಡಿನವರು ಬಿಟ್ಟರು ಎನ್ನುತ್ತಾಳೆ ಅವ್ವ, ಇವಳೇ ಒಲ್ಲೆ ಎಂದಳು ಎನ್ನುತ್ತಾಳೆ ಆಯಿ, ಅವರಿಬ್ಬರ ತಾಯಿ. ಚಿಗವ್ವ ಎರಡನ್ನೂ ಅಲ್ಲಗಳೆದದ್ದಿಲ್ಲ.

ನಾನೂ ಅವಳೂ ಕುಲಗೋಡಕ್ಕೆ ಹೋದಾಗ ಆಯಿ ಪಡಸಾಲೆಯಲ್ಲಿ ಕೂತು ಗೋವಿನಜೋಳದ ತೆನೆ ಸುಲಿಯುತ್ತಿದ್ದಳು. ಚಿಗವ್ವ ಅಟ್ಟ ಹತ್ತಿ ಒಂದು ಮಣೆ ಇಳಿಸಿ, ಉಗುರಿನಿಂದ ಕೆರೆದು, ಮೂಸಿ, ಬೆರಳಿನಿಂದ ತಟ್ಟಿ ಸದ್ದು ಕೇಳಿದಳು.

"ಯವ್ವಾ, ಇದನ್ನ ನಾ ಒಯ್ತೇನಿ."

"ಯಾಕ? ಈಗ ಲಗ್ನಾ ಮಾಡ್ಕೊಳಾಕಿ ಏನ?" ಎಂದಳು ಆಯಿ, ತಲೆ ಎತ್ತದೆ.

"ಹೂಂ. ಬೆಳ್ಳಕ್ಕಿ ಜೋಡಿ."

"ಪಗಾರ ಐತೇನ ಅದಕ್ಕ?"

ಚಿಗವ್ವ ನನ್ನ ಕೈಗಿತ್ತ ಮಣೆ ನಾನು ನಕ್ಕ ರಭಸಕ್ಕೆ ಜಾರುವುದರಲ್ಲಿತ್ತು. ಆಯಿ ನಗಲಿಲ್ಲ. ಸುಲಿದ ತೆನೆಯನ್ನು ಬುಟ್ಟಿಗೆ ಹಾಕಿ, "ಎರಡೂ ಒಯ್ಯಿ ಮತ್ತ. ಒಂದ ಬಿಟ್ಟು ಹೋದರ ಇಲ್ಲಿ ಯಾರ ಅದರ ಮಾರಿ ನೋಡಬೇಕು?" ಎಂದಳು.

ಚಿಗವ್ವ ಎರಡನ್ನೂ ಹುಕ್ಕೇರಿಗೆ ಒಯ್ದಳು. ಬಡಿಗೇರರಿಂದ ಒಂದರ ಅಡಿಯ ಪಟ್ಟಿಗಳನ್ನು ತೆಗೆಸಿ ಎರಡೂ ಮೈ ಸಪಾಟು ಮಾಡಿಸಿದಳು. ಮೇಲಿನ ಮೈಯಲ್ಲಿ ಬೂದು ಆಕಾಶ ಮತ್ತು ನೀರು, ಕೆಳಗಿನ ಮೈಯಲ್ಲಿ ಕೊಕ್ಕು, ಕಾಲು, ಕಣ್ಣು ಮತ್ತು ಬಣ್ಣವಿಲ್ಲದ ಗರಿಗಳು. ಇನ್ನೊಂದು ಮಣೆ ಗೋಡೆಗೆ ಆನಿಸಿ ನಿಂತಿತ್ತು.

ಆ ಚಳಿಗಾಲವೆಲ್ಲ ನಾನು ಭಾನುವಾರಗಳಂದು ಹೋಗಿ ನೋಡುತ್ತಿದ್ದೆ. ಮುಂಜಾನೆಯ ಬಿಸಿಲಿನಲ್ಲಿ ಹೆಬ್ಬೆರಳನ್ನು ಬಿಸಿನೀರಿನಲ್ಲಿ ನೆನೆಸಿ ಸ್ವಲ್ಪ ಕೆತ್ತುವಳು, ನೋವು ಏಳುವ ಮೊದಲೇ ಉಳಿ ಇಡುವಳು. ಒಂದು ವಾರದಲ್ಲಿ ಕತ್ತು ಬಂದಿರುತ್ತಿತ್ತು, ಇನ್ನೊಂದು ವಾರ ಹೋದರೆ ಏನೂ ಮುಂದೆ ಹೋಗಿರುತ್ತಿರಲಿಲ್ಲ. ಬೆಳ್ಳಕ್ಕಿಯನ್ನು ಅವಳು ಪುಸ್ತಕದಿಂದ ತೆಗೆದಿರಲಿಲ್ಲ. ಕುಲಗೋಡ, ನಾಗನೂರ ಕಡೆ ಟ್ರ್ಯಾಕ್ಟರು ಹೊಲ ಹೊಡೆಯುವಾಗ ಹಿಂದೆ ಹಿಂದೆ ನಡೆಯುವ ಆ ಹಕ್ಕಿಗಳನ್ನು ಬದುವಿನ ಮೇಲೆ ಕೂತು ಬರೆದು ತಂದದ್ದು. ನಾನು ಹುಟ್ಟಿದಾಗಿನಿಂದ ಕಂಡ ಹಕ್ಕಿ. ಅದು ಹೆಜ್ಜೆ ಇಡುವ ಮುನ್ನ ಕತ್ತನ್ನು ಹೇಗೆ ಮುಂದೆ ಕಳಿಸಿ, ಮೈಯನ್ನು ಆಮೇಲೆ ಕರೆದುಕೊಳ್ಳುತ್ತದೆ ಎಂಬುದನ್ನು ನಾನು ಮೊದಲು ಕಂಡದ್ದು ಮರದಲ್ಲಿ.

ಒತ್ತುವುದು ಕುಲಗೋಡದಲ್ಲಿ ಎಂದಾಯಿತು. ಅಲ್ಲಿ ಜಾಗವಿತ್ತು, ಸಹಾಯಕ್ಕೆ ಕೈಗಳಿದ್ದವು. ಹಿಪ್ಪುನೇರಳೆಯ ನಾರಿನ ಜಪಾನೀ ಕಾಗದವನ್ನು ಅವಳು ಯಾವಾಗಲೋ ತರಿಸಿ ಆ ಟ್ರಂಕಿನಲ್ಲೇ ಇಟ್ಟಿದ್ದಳು. ಕೆಲವೇ ಹಾಳೆಗಳು. ಒತ್ತುವ ಗುಂಡು ಬಿಲ್ಲೆಗೆ ಅಲ್ಲಿ ಬಿದಿರಿನ ಪೊರೆ ಸುತ್ತುತ್ತಾರಂತೆ. ಇವಳು ಆಯಿ ಸುಲಿದೆಸೆದ ಗೋವಿನಜೋಳದ ತೆನೆಯ ಸಿಪ್ಪೆಯನ್ನು ನೆನೆಸಿ, ಹೆಣೆದು, ಬಿಗಿಯಾಗಿ ಸುತ್ತಿದ್ದಳು. ಅದು ಕಾಗದದ ಬೆನ್ನ ಮೇಲೆ ಸೊರ ಸೊರ ಎಂದು ಚೆನ್ನಾಗಿಯೇ ಓಡಿತು. ಬಣ್ಣ ಹಲಗೆಯ ಮೇಲೆ ಸಮನಾಗಿ ನಿಲ್ಲಲು ತೆಳ್ಳಗಿನ ಗಂಜಿ ಬೇಕು. ಅದನ್ನು ಕಾಸುವ ಕೆಲಸ ಆಯಿಯದು. ಮೂಡಲಗಿಯಿಂದ ಅವ್ವನೂ ಬಂದಿದ್ದಳು.

ಹಲಗೆಯ ಮೂಲೆಯಲ್ಲಿ ಕಾಗದದ ತುದಿ ಕೂರುವಷ್ಟು ಒಂದು ಕಚ್ಚು ಕೆತ್ತಿತ್ತು. ಪ್ರತಿ ಸಲವೂ ಹಾಳೆ ಅದೇ ಕಚ್ಚಿಗೆ ಬಂದು ಕೂತರೆ ಮಾತ್ರ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಬೀಳುತ್ತದೆ. ಚಿಗವ್ವ ಅದನ್ನು ಅವ್ವನಿಗೆ ತೋರಿಸುತ್ತ, "ನೋಡಕ್ಕಾ, ಕಾಗದ ಇಲ್ಲೇ ಕುಂದರಬೇಕು, ಸುರಗಿಗಿ ಕುಂತ ಮದಿಮಗಳ ಗತೆ. ಅಲ್ಲಾಡಬಾರದು" ಎಂದಳು.

ಒಳಗಿನಿಂದ ಆಯಿಯ ದನಿ ಬಂತು: "ತಾ ಕುಂದರಲಿಲ್ಲ, ಕಾಗದಾ ಕುಂದರಸಾಕ ಬಂದಾಳ!"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಗವ್ವನೂ ನಕ್ಕಳು. ಆದರೆ ಅವಳ ಬೆರಳು ಆ ಕಚ್ಚಿನಲ್ಲಿ ತುಸು ಹೊತ್ತು ಹಾಗೇ ಇತ್ತು. ಅಥವಾ ಇದೂ ನಾನು ಆಮೇಲೆ ಸೇರಿಸಿದ್ದೋ.

ಮೊದಲ ದಿನ ಬೂದು ಆಕಾಶಗಳನ್ನು ಒತ್ತಿದೆವು. ಹಲಗೆಯ ಒಂದು ಅಂಚಿಗೆ ಗಾಢ ಬಣ್ಣ, ಇನ್ನೊಂದು ಅಂಚಿಗೆ ಬರೀ ನೀರು. ನಡುವೆ ಬ್ರಷ್ಷು ಎರಡನ್ನೂ ಬೆರೆಸುತ್ತ ಹೋಗುತ್ತದೆ. ಕಾಗದ ಎತ್ತಿದಾಗ ಮಳೆ ಬಿಟ್ಟ ಮೇಲಿನ ಆಕಾಶ, ಎಲ್ಲಿ ಬೂದು ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ. ಮರದ ನಾರು ಅದರೊಳಗೆ ತೆಳು ಅಲೆಗಳಾಗಿ ಮೂಡಿತ್ತು. ಮುತ್ಯಾ ಆರಿಸಿದ ಮರ, ಈಗ ನೀರಾಗಿತ್ತು. ಹಾಳೆಗಳನ್ನೆಲ್ಲ ಹಾಗೆ ಒತ್ತುತ್ತ ಹೋದೆವು. ಸಂಜೆ ಗಂಜಿ ತೀರಿತು, ಒಂದೇ ಹಾಳೆ ಉಳಿಯಿತು.

ಮರುದಿನ ಮುಂಜಾನೆ ಒಣಗಿದ ಆಕಾಶಗಳ ತುಂಬ ಬಿಳಿ ಚುಕ್ಕೆ ಎದ್ದಿದ್ದವು. ಅಲ್ಲಲ್ಲಿ ಬಣ್ಣ ಒಡೆದು ಹುಳಿವಾಸನೆ. ಅಂಚಿಗೆ ಇರುವೆ ಹತ್ತಿದ್ದವು. ಚಿಗವ್ವ ಒಂದು ಹಾಳೆಯನ್ನು ಮೂಸಿದಳು, ನಾಲಿಗೆಯ ತುದಿ ತಾಗಿಸಿದಳು.

"ಯವ್ವಾ, ಗಂಜ್ಯಾಗ ಏನ ಹಾಕಿದ್ದಿ?"

"ಏನ ಹಾಕ್ತಾರ? ಜೋಳದ ಹಿಟ್ಟಿನ ಅಂಬಲಿ ಕಾಸಿದ್ನಿ. ಉಪ್ಪು ಹಾಕಿದ್ನಿ, ಆರಿದ ಮ್ಯಾಲ ಒಂದ ಗುಟುಕ ಮಜ್ಜಿಗಿ."

"ಉಪ್ಪು ಯಾಕ?"

"ಉಪ್ಪಿಲ್ಲದ ಅಂಬಲಿ ದನಾನೂ ಮೂಸೂದಿಲ್ಲ. ನಿನ್ನ ಹಕ್ಕಿ ಕುಡೀತೈತೇನ?"

ಜೀವಮಾನವಿಡೀ ಅಂಬಲಿ ಕಾಸಿದ ಕೈ, ಉಪ್ಪಿನ ಡಬ್ಬಿಯ ಕಡೆ ತಾನೇ ಹೋಗಿತ್ತು. ಅವ್ವ ಆಯಿಯನ್ನು ಬೈಯಲು ಬಾಯಿ ತೆರೆದಳು, ಅಷ್ಟರಲ್ಲಿ ಚಿಗವ್ವನಿಗೆ ನಗು ಹತ್ತಿತು. ನೆಲಕ್ಕೆ ಕೂತು, ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ನಕ್ಕಳು. ಬಹಳ ಹೊತ್ತು. ಕೊನೆಯಲ್ಲಿ ಅದು ನಗುವೇ ಎಂದು ನನಗೆ ತಿಳಿಯದಾಯಿತು. ಅವಳ ಬೆರಳ ಬುಡ ಬಾತು ಕೆಂಪಾಗಿತ್ತು.

ಉಳಿದದ್ದು ಒಂದೇ ಹಾಳೆ. ಮತ್ತೆ ತರಿಸಬಹುದು, ಆದರೆ ಬರುವ ಹೊತ್ತಿಗೆ ಆ ಕೈ ಹೇಗಿರುತ್ತದೋ. ನಾನು ಇವತ್ತು ಬೇಡ ಎಂದೆ. ಅವ್ವನೂ ಅದನ್ನೇ ಹೇಳಿದಳು. ಚಿಗವ್ವ ಎದ್ದು ಹೋಗಿ ಹಲಗೆಯನ್ನು ತೊಳೆದು ತಂದಳು. ಗಂಜಿಯನ್ನು ಆಯಿಯೇ ಮತ್ತೆ ಕಾಸಿದಳು, ಈ ಸಲ ಅಕ್ಕಿಹಿಟ್ಟಿನದು. ಉಪ್ಪಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಹೊರಗ ಹಿಡಕೊಂಡ ನಿಲ್ಲು" ಎಂದಳು. ನಾನು ನಿಂತೆ.

ಬಿಲ್ಲೆ ಹಿಡಿಯಲು ಆಗುತ್ತಿರಲಿಲ್ಲ. ಹಳೆಯ ಸೀರೆಯ ಪಟ್ಟಿಯಿಂದ ಅದನ್ನು ಅವಳ ಅಂಗೈಗೆ ಕಟ್ಟಿದೆವು. ಆಕಾಶ ಬಂತು. ಹಾಳೆ ಹಸಿಯಾಗಿರುವಾಗಲೇ ಮಣೆಯನ್ನು ಮಗುಚಿ ಕೊಕ್ಕು, ಕಣ್ಣು, ಕಾಲು ಬಂದವು. ಹಕ್ಕಿಯ ಮೈ ಇದ್ದಲ್ಲಿ ಬರೀ ಕಾಗದ.

ಕೊನೆಯ ಒತ್ತಿಗೆ ಬಣ್ಣವಿಲ್ಲ. ಹಲಗೆಯನ್ನು ಒರೆಸಿ, ಹಾಳೆಯನ್ನು ಮತ್ತೆ ಕಚ್ಚಿಗೆ ಕೂಡಿಸಿದಳು. ಅಂಗೈಯ ಪಟ್ಟಿ ಬಿಚ್ಚಿಸಿಕೊಂಡಳು. ರವಿಕೆಯ ತೋಳನ್ನು ಮೇಲೆ ಮಡಚಿದಳು.

"ಗರಿ ಮೊಳಕೈಲೆ ಒತ್ತಬೇಕು" ಎಂದಳು. "ಅಲ್ಲೀ ಮಂದೀನೂ ಹಂಗ ಮಾಡತಿದ್ದರಂತ. ಮಣಿ ಅಲಗದಂಗ ಹಿಡೀರಿ."

ಅವ್ವ ಒಂದು ಕಡೆ, ನಾನು ಒಂದು ಕಡೆ ಹಿಡಿದೆವು. ಚಿಗವ್ವ ಮಂಡಿಯೂರಿ, ಮೊಳಕೈಯ ಮೂಳೆಯನ್ನು ಕಾಗದದ ಬೆನ್ನಿಗೆ ಊರಿ, ಇಡೀ ಮೈಯ ಭಾರವನ್ನು ಅದರ ಮೇಲೆ ಬಿಟ್ಟಳು. ಅಕ್ಕಿಕಾಳಿನಷ್ಟು ಸರಿಸಿದಳು, ಮತ್ತೆ ಬಿಟ್ಟಳು. ನನ್ನ ಅಂಗೈಯಡಿ ಮರ ಸಣ್ಣಗೆ ನಡುಗುವುದು ತಿಳಿಯುತ್ತಿತ್ತು. ಅವಳ ಕಣ್ಣುಗಳು ಮುಚ್ಚಿದ್ದವು. ಕಾಗದದ ಕೆಳಗೆ ಎಲ್ಲಿ ಯಾವ ಗರಿ ಇದೆ ಎಂದು ನೋಡುವ ಅಗತ್ಯವೇ ಅವಳಿಗಿರಲಿಲ್ಲ. ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ರೆಕ್ಕೆಗೆ ಇಳಿದಳು. ನಾನು ಓದಿದ ಯಾವ ಪುಸ್ತಕದಲ್ಲೂ ಒಬ್ಬ ಮನುಷ್ಯ ಕಾಗದಕ್ಕೆ ಇಷ್ಟು ಪೂರ್ತಿಯಾಗಿ ತನ್ನ ಭಾರ ಕೊಟ್ಟದ್ದನ್ನು ಕಂಡಿರಲಿಲ್ಲ.

ಎತ್ತಿದಳು. ಎಲ್ಲರೂ ಬಗ್ಗಿ ನೋಡಿದೆವು.

"ಏನೂ ಬಂದಿಲ್ಲಲ್ಲ" ಎಂದಳು ಅವ್ವ, ಅಳುವ ದನಿಯಲ್ಲಿ.

ಚಿಗವ್ವ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಪಡಸಾಲೆಯ ಬಾಗಿಲಿಗೆ ಹೋದಳು. ಸಂಜೆಯ ಬಿಸಿಲು ಓರೆಯಾಗಿ ಹೊಸ್ತಿಲ ಮೇಲೆ ಬಿದ್ದಿತ್ತು. ಹಾಳೆ ಓರೆಯಾಯಿತು. ಬದುವಿನ ಮೇಲೆ ಬೆಳ್ಳಕ್ಕಿ ನಿಂತಿತ್ತು. ಎದೆಯ ಗರಿ ಗಾಳಿಗೆ ತುಸು ಕೆದರಿತ್ತು. ಒಂದು ಕಾಲು ಇನ್ನೂ ಎತ್ತಿರಲಿಲ್ಲ, ಕತ್ತು ಮಾತ್ರ ಮುಂದೆ ಹೋಗಿತ್ತು. ಧಾರವಾಡದಿಂದ ಬಂದ ಹುಡುಗಿಯಾಗಿ ಹುಕ್ಕೇರಿಯ ಕಿಟಕಿಯ ಬಳಿ ನಾನು ಕಂಡದ್ದು ಇದಕ್ಕಿಂತ ಚೆಂದವಿತ್ತೇ ಎಂದು ಯಾರಾದರೂ ಕೇಳಬಹುದು. ಇತ್ತು. ಅದರ ಗೆರೆಗಳು ಇದಕ್ಕಿಂತ ಸಣ್ಣವಿದ್ದವು. ಆದರೆ ಅಂದು ನಾನು ಬೆರಗಾದದ್ದು ಗರಿಗಳಿಗೆ. ಈ ಸಲ ಏನೂ ಇಲ್ಲದಿದ್ದ ಜಾಗಕ್ಕೆ ಹಕ್ಕಿ ಬರುವುದನ್ನು ಅಂಗೈಯಲ್ಲಿ ಕೇಳಿದ್ದೆ.

ಅವ್ವ ಏನೋ ಜೋರಾಗಿ ಹೇಳಲು ಹೋದಳು. ಆಯಿ ಅವಳ ತೋಳು ಹಿಡಿದು, "ಹಗೂರ ಮಾತಾಡ" ಎಂದಳು. ಅಂಗಳಕ್ಕೆ ಹಕ್ಕಿ ಬಂದಾಗ ಹೇಳುವ ದನಿ ಅದು. ನಾವು ನಾಲ್ವರೂ ಬಿಸಿಲು ಹೊಸ್ತಿಲು ಬಿಡುವವರೆಗೆ ಹಾಗೇ ನಿಂತೆವು.

ಹಾಳೆಯ ಫೋಟೋ ನನ್ನ ಮೊಬೈಲಿನಲ್ಲಿದೆ. ಗರಿಗಳು ಅದರಲ್ಲಿ ಬಂದಿಲ್ಲ. ಅದನ್ನು ಗೋಕಾಕದಲ್ಲಿ ಒಂದು ದಿನ ಸುಮ್ಮನೆ ನೋಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಬೇರೆ. ಹಕ್ಕಿ ಹಾಳೆಯ ನಡುವೆ ಇಲ್ಲ. ಬಲ ಅಂಚಿಗೆ ಹತ್ತಿ ನಿಂತು ಹೊರಗೆ ನೋಡುತ್ತಿದೆ. ಮೂರು ಕಡೆ ಬಿಳಿ ಅಂಚು ಬಿಟ್ಟವಳು ಆ ಕಡೆ ಬಿಟ್ಟಿಲ್ಲ. ಬದುವಿನ ಗೆರೆ ಅಲ್ಲಿಗೆ ಬಂದು, ಮುಗಿಯದೆ, ಕಾಗದ ಮುಗಿದದ್ದಕ್ಕೆ ನಿಂತಿದೆ. ನೀರಿನ ಅಲೆಗಳೂ ಅಷ್ಟೇ. ಎರಡ ಹಲಗಿ, ಎರಡ ಹಾಳಿ ಎಂದಿದ್ದಳು ಅವಳು.

ಮುಂದಿನ ಭಾನುವಾರ ಹುಕ್ಕೇರಿಗೆ ಹೋದೆ. ಚಿಗವ್ವ ಎಡಗೈಯಿಂದ ಚಹಾ ಸೋಸುತ್ತಿದ್ದಳು. ಬಲಗೈಗೆ ಪಟ್ಟಿ ಕಟ್ಟಿತ್ತು. ಕೆತ್ತಿದ ಮಣೆಯನ್ನು ತೊಳೆದು ನೆರಳಲ್ಲಿ ಒಣಗಿಸಿದ್ದಳು. ಅದರ ಪಕ್ಕದಲ್ಲಿ, ಅಂಚಿಗೆ ಅಂಚು ತಾಗುವ ಹಾಗೆ, ಇನ್ನೊಂದು ಮಣೆ ಇತ್ತು. ಅದರ ಅಡಿಪಟ್ಟಿಯನ್ನೂ ತೆಗೆಸಿದ್ದಳು. ಮೈಯೆಲ್ಲ ಸಪಾಟು, ಒಂದು ಗೆರೆಯೂ ಇಲ್ಲ, ಯಾವ ಕಲೆಯೂ ಇಲ್ಲ. ನಾನು ಕೇಳಿದೆ. ಅವಳು ಲೋಟವನ್ನು ನನ್ನ ಮುಂದಿಟ್ಟು, ಸಕ್ಕರೆ ಸಾಕೇ ಎಂದಳು. ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಕೇಳಿದ್ದು ಇನ್ನೂ ಹಾಗೇ ಇದೆ.

"ಚಿಗವ್ವಾ, ಆ ಇನ್ನೊಂದ ಮಣಿ ಮ್ಯಾಲ ಏನ ಐತಿ?"